ದೇವಿಮನೆ ಘಟ್ಟದಲ್ಲಿ ಎಂಪಿಟಿ 1327: ನನ್ನ ಅನುಭವ

ಕುಮಟಾ ಮತ್ತು ಶಿರಸಿಗಳ ನಡುವೆ ಲಾರಿ ಓಡಿಸುವ, ರೇಡಿಯೋ ಪರವಾನಗಿ ಪಡೆದಿದ್ದ ಗ್ರಾಹಕರೊಬ್ಬರಿಗೆ ಎರಡು ತಾಣಗಳ ಟ್ರಂಕಿಂಗ್ ವ್ಯವಸ್ಥೆ (ಕೆಲವೇ ಚಾನೆಲ್‌ಗಳನ್ನು ಹಲವು ರೇಡಿಯೋ ಸೆಟ್‌ಗಳಿಗೆ ಬೇಕಾದಾಗ ಹಂಚಿಕೊಡುವ ಏರ್ಪಾಡು) ಕೂರಿಸಿಕೊಡಲು ಒಪ್ಪಿಕೊಂಡಾಗ, ಕರೆಗಳನ್ನು ಜೋಡಿಸುವ ಎಂಪಿಟಿ 1327 ಎಂಬ 1988ರ ಸಿಗ್ನಲಿಂಗ್ ಈ ಘಟ್ಟದಲ್ಲಿ ನಡೆಯುವುದಿಲ್ಲವೆಂದು ವೃತ್ತಿಬಾಂಧವರು ನಕ್ಕಿದ್ದರು. ಹಳೆಯ ಸೆಟ್‌ಗಳು ತೊಂಬತ್ತರಷ್ಟಿದ್ದವು. ಅವನ್ನೆಲ್ಲ ಎಸೆದು ಡಿಎಂಆರ್ ಎಂಬ ಡಿಜಿಟಲ್ ರೇಡಿಯೋ ಕೊಳ್ಳುವಷ್ಟು ಹಣವಿರಲಿಲ್ಲ. ತಾಣಕ್ಕೆ ಮೂರರಂತೆ ರಿಪೀಟರ್‌ಗಳನ್ನು (ಸಿಗ್ನಲ್ ಹಿಡಿದು ಮರುಪ್ರಸಾರ ಮಾಡುವ ಯಂತ್ರಗಳು) ಹಾಕಿ, ಒಂದನ್ನು ಕರೆಗಳನ್ನು ಜೋಡಿಸುವ ಕಂಟ್ರೋಲ್ ಚಾನೆಲ್‌ಗೆ ಬಿಟ್ಟೆ.

ಮೊದಲ ಮಳೆಗಾಲವೆಲ್ಲ ಸೋಲಿನಲ್ಲೇ ಕಳೆಯಿತು. ದೇವಿಮನೆಯ ತಿರುವುಗಳಲ್ಲಿ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು, ಆದರೆ ಹೊಸ ಕರೆ ಕೂಡುತ್ತಿರಲಿಲ್ಲ. ಎತ್ತರ ಸಾಲದೆಂಬ ಸಲಹೆಯನ್ನು ನಂಬಿ ಆಂಟೆನಾ, ಫೀಡರ್‌ಗಳಿಗೆ ಸುಮಾರು 85 ಸಾವಿರ ರೂಪಾಯಿ ಸುರಿದೆ, ಫಲ ಶೂನ್ಯ.

ದೋಷವಿದ್ದದ್ದು ನನ್ನ ವೈರಿಂಗ್‌ನಲ್ಲೇ. ಸೆಕೆಂಡಿಗೆ 1200 ಬಿಟ್‌ಗಳ ಆ ಸಿಗ್ನಲಿಂಗ್ 1200 ಮತ್ತು 1800 ಹರ್ಟ್ಸ್‌ನ ಎರಡು ಸ್ವರಗಳಲ್ಲಿ ಹೋಗುತ್ತದೆ. ಆ ಸ್ವರಗಳನ್ನು ಹುಟ್ಟಿಸುವ ಮೋಡೆಮನ್ನು ನಾನು ರಿಪೀಟರ್‌ನ ಫ್ಲಾಟ್ ಡೇಟಾ ಪೋರ್ಟಿಗೆ (ಸ್ವರಗಳನ್ನು ತಿದ್ದದೆ ಹಾಗೆಯೇ ಕಳಿಸುವ ಒಳದಾರಿ) ಕೊಟ್ಟಿದ್ದರಿಂದ, ಸರ್ವಿಸ್ ಮಾನಿಟರ್ ಎಂಬ ಅಳತೆ ಉಪಕರಣದಲ್ಲಿ ಎರಡೂ ಸ್ವರಗಳ ಡೀವಿಯೇಶನ್ (ಆವರ್ತನ ಅತ್ತಿತ್ತ ಸರಿಯುವ ಪ್ರಮಾಣ) ಸಮನಾಗಿ ಕಾಣುತ್ತಿತ್ತು, ಮತ್ತು ಆ ಸಮತೆಯೇ ನನ್ನನ್ನು ಮೋಸಗೊಳಿಸಿತು. ಎತ್ತರದ ಸ್ವರಗಳನ್ನು ತಗ್ಗಿಸುವ ಸೆಟ್‌ನ ಡಿ-ಎಂಫಸಿಸ್ ದಾಟಿದ ಮೇಲೆ 1800ರ ಸ್ವರ ಮೂರೂವರೆ ಡಿಬಿಯಷ್ಟು ಇಳಿದುಬಿಡುತ್ತದೆ. ಸಿಗ್ನಲ್ ಬಲವಾಗಿದ್ದಲ್ಲಿ ಸೆಟ್ ಅದನ್ನು ಹೇಗೋ ಓದಿಕೊಳ್ಳುತ್ತಿತ್ತು. ಘಟ್ಟದಲ್ಲಿ ಮಾತ್ರ 64 ಬಿಟ್‌ಗಳ ಕೋಡ್‌ವರ್ಡ್ (ಸಂದೇಶದ ಒಂದು ಕಟ್ಟು) ತನ್ನ 16 ತಪಾಸಣಾ ಬಿಟ್‌ಗಳ ಪರೀಕ್ಷೆಯಲ್ಲಿ ಬೀಳುತ್ತಿತ್ತು. ಎತ್ತರದ ಸ್ವರಗಳನ್ನು ಮೊದಲೇ ಹೆಚ್ಚಿಸುವ ಪ್ರೀ-ಎಂಫಸಿಸ್ ಇರುವ ಒಳದಾರಿಗೆ ತಂತಿ ಬದಲಿಸಿ, ಮಿತಿ ಮೀರಿದ್ದನ್ನು ಕತ್ತರಿಸುವ ಲಿಮಿಟರ್ ಹೊಡೆಯದಂತೆ ಮಟ್ಟವನ್ನು ಮತ್ತೆ ಹೊಂದಿಸಿದೆ. ಖರ್ಚು ನೂರು ರೂಪಾಯಿಯ ಒಳಗೆ.

ಉಳಿದದ್ದು ಬೆಳಗಿನ ಲೋಡಿಂಗ್ ಹೊತ್ತಿನ ನೂಕುನುಗ್ಗಲು. ಕರೆಯ ಕೋರಿಕೆಯನ್ನು ಯಾವ ಸ್ಲಾಟಿನಲ್ಲಿ (ಸಮಯದ ತುಣುಕಿನಲ್ಲಿ) ಕಳಿಸಬೇಕೆಂದು ಸೆಟ್‌ಗಳು ಕಂಟ್ರೋಲ್ ಚಾನೆಲ್‌ನಿಂದ ಬರುವ ಅಲೋಹಾ ಸಂದೇಶ ಹೇಳಿದ ಸಂಖ್ಯೆಯೊಳಗೆ ತಾವೇ ಆರಿಸಿಕೊಳ್ಳುತ್ತವೆ. ನಾನು ಎರಡೇ ಸ್ಲಾಟ್ ಇಟ್ಟಿದ್ದೆ, ಎಲ್ಲವೂ ಒಂದರ ಮೇಲೊಂದು ಬಿದ್ದವು. ಬಹಳಷ್ಟು ಏರಿಸಿದಾಗ, ಸ್ಲಾಟಿಗೆ ಸುಮಾರು 107 ಮಿಲಿಸೆಕೆಂಡಿನ ಲೆಕ್ಕದಲ್ಲಿ, ಚಾಲಕರು ಕಾಯಲಾರದೆ ಪಿಟಿಟಿಯನ್ನು (ಮಾತಾಡಲು ಒತ್ತುವ ಗುಂಡಿ) ಮತ್ತೆ ಮತ್ತೆ ಒತ್ತತೊಡಗಿದರು. ಈಗ ಹೊತ್ತಿಗೆ ತಕ್ಕಂತೆ ಬದಲಾಗುವ ಸಂಖ್ಯೆಗಳಿವೆ. ಯಾವುವು ಎನ್ನುವುದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಸೆಟ್ ಒಂದು ತಾಣ ಬಿಟ್ಟು ಇನ್ನೊಂದನ್ನು ಹುಡುಕುವ ಮಿತಿಯ ವಿಷಯವೂ ಅಷ್ಟೇ.

ನಡುವೆ, ಚಾನೆಲ್‌ಗಳೆಲ್ಲ ತುಂಬಿದಾಗ ಕಂಟ್ರೋಲ್ ಚಾನೆಲನ್ನೂ ಮಾತಿಗೆ ಕೊಡುವ ಪ್ರಯೋಗ ಮಾಡಿದೆ. ಈ ಪದ್ಧತಿಯಲ್ಲಿ ಅದಕ್ಕೆ ಅವಕಾಶವಿದೆ. ಆದರೆ ಉಳಿದ ಸೆಟ್‌ಗಳೆಲ್ಲ ಕಂಟ್ರೋಲ್ ಕಾಣದೆ ಹುಡುಕಾಟಕ್ಕಿಳಿದು, ಅದು ಮರಳಿದ ಮೇಲೂ ಬಹಳ ಹೊತ್ತು ದಾರಿಗೆ ಬರಲಿಲ್ಲ. ಎರಡೇ ದಿನಕ್ಕೆ ತೆಗೆದೆ. ಎರಡು ಡಿಎಂಆರ್ ಸೆಟ್‌ಗಳನ್ನೂ ಸಾಲ ತಂದು ನೋಡಿದೆ: 12.5 ಕಿಲೋಹರ್ಟ್ಸ್‌ನಲ್ಲಿ ಎರಡು ಮಾತು ಸಾಗುವುದು ನಿಜವಾದ ಲಾಭವೇ, ಆದರೂ ಇಂಜಿನ್ ಸದ್ದಿನಲ್ಲಿ ನಮ್ಮ ಚಾಲಕರಿಗೆ ಅನಲಾಗ್ ಧ್ವನಿಯೇ ಹಿಡಿಸಿತು.

ಒಟ್ಟು ಖರ್ಚು ನಾಲ್ಕು ಲಕ್ಷ ದಾಟಿರಬಹುದು. ಅದರಲ್ಲಿ ಆ 85 ಸಾವಿರವನ್ನು ಗ್ರಾಹಕರ ಬಿಲ್ಲಿಗೆ ಸೇರಿಸಲಿಲ್ಲ.