ಹವಳದ ಬಾಯಿಗೆ ತುತ್ತು ಇಡುವುದು ಹೇಗೆ?

ಹವಳ ಸಾಕಿದ ಉಪ್ಪುನೀರಿನ ಟ್ಯಾಂಕಿನ ಲೈಟ್ ಆರಿ ಒಂದು ಗಂಟೆಯಾದ ಮೇಲೆ ಟಾರ್ಚಿಗೆ ಕೆಂಪು ಗಾಜುಕಾಗದ ಸುತ್ತಿಕೊಂಡು ಹತ್ತಿರ ಹೋಗಿ ನೋಡಿ. ಹಗಲೆಲ್ಲ ಬಣ್ಣದ ದಿಂಬಿನ ಹಾಗೆ ಸುಮ್ನೆ ಕೂತಿದ್ದ ಹವಳ ಈಗ ಅಂಚಿನ ಸುತ್ತ ಸಣ್ಣ ಸಣ್ಣ ಬೆರಳು ಚಾಚಿರುತ್ತದೆ. ಅದು ಊಟಕ್ಕೆ ಕಾಯುತ್ತಿದೆ. ‘ಹವಳಕ್ಕೆ ಒಳ್ಳೆಯ ಲೈಟ್ ಇದ್ದರೆ ಸಾಕು ಅಲ್ವಾ?’ ಎಂದು ಕೇಳುವವರಿಗೆ ನಾನು ಮೊದಲು ತೋರಿಸುವುದು ಇದನ್ನೇ.

ಲೈಟ್ ಬೇಕೇ ಬೇಕು. ಹೆಚ್ಚಿನ ಹವಳಗಳ ಮೈಯೊಳಗೆ ಜೂಜ್ಯಾಂಥೆಲೆ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ಇರುತ್ತವೆ. ಅವು ಬೆಳಕಿನಲ್ಲಿ ಸಕ್ಕರೆ ಮಾಡಿ ಹವಳಕ್ಕೆ ಕೊಡುತ್ತವೆ. ದಿನದ ಶಕ್ತಿಯ ಬಹುಪಾಲು ಹೀಗೆ ಬರುತ್ತದೆ. ಆದರೆ ಬರೀ ಸಕ್ಕರೆಯಿಂದ ಮೈ ಬೆಳೆಯುವುದಿಲ್ಲ. ನೈಟ್ರೋಜನ್, ಫಾಸ್ಫರಸ್ ಕೂಡ ಬೇಕು. ಅವನ್ನು ಹವಳ ನೀರಿನಿಂದ ಹೀರುತ್ತದೆ, ಹಿಡಿದು ತಿಂದ ಆಹಾರದಿಂದಲೂ ಪಡೆಯುತ್ತದೆ. ಹವಳ ಗಿಡವಲ್ಲ, ಬೇಟೆಯಾಡುವ ಪ್ರಾಣಿ. 1928–29ರಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫಿಗೆ ತಂಡ ಕರೆದುಕೊಂಡು ಹೋದ ಬ್ರಿಟಿಷ್ ವಿಜ್ಞಾನಿ ಮಾರಿಸ್ ಯಂಗ್, ಹವಳಗಳು ಸಣ್ಣ ಜೀವಿಗಳನ್ನು ಹಿಡಿದು ತಿನ್ನುವ ರೀತಿಯನ್ನು ಅಲ್ಲೇ ಕೂತು ಅಧ್ಯಯನ ಮಾಡಿದ್ದರು.

ಮೊದಲು ಬಾಯಿ ನೋಡಿ

ಯಾವ ಆಹಾರ ಕೊಡಬೇಕು ಎಂಬುದನ್ನು ಡಬ್ಬಿಯ ಮೇಲಿನ ಚಿತ್ರ ನೋಡಿ ತೀರ್ಮಾನಿಸಬೇಡಿ. ನಿಮ್ಮ ಹವಳದ ಬಾಯಿ ನೋಡಿ ತೀರ್ಮಾನಿಸಿ.

ಹವಳದ ಒಂದೊಂದು ಬಾಯಿಯ ಪುಟ್ಟ ಜೀವಿಗೆ ಪಾಲಿಪ್ ಎನ್ನುತ್ತಾರೆ. ದೊಡ್ಡ ಪಾಲಿಪ್‌ನ ಗಟ್ಟಿ ಹವಳಗಳಿಗೆ, ಅಂದರೆ ಎಲ್‌ಪಿಎಸ್ ಗುಂಪಿನವಕ್ಕೆ, ಕೈಯಾರೆ ತಿನ್ನಿಸಿದರೆ ಫಲ ಚೆನ್ನಾಗಿ ಕಾಣುತ್ತದೆ. ಟ್ರ್ಯಾಕಿಫಿಲಿಯಾ, ಅಕಾನ್, ಡಂಕನ್, ಪ್ಲೇಟ್ ಹವಳ, ಟಾರ್ಚ್, ಹ್ಯಾಮರ್ ಎಲ್ಲ ಈ ಗುಂಪಿಗೆ ಸೇರುತ್ತವೆ. ಸಣ್ಣ ಮೈಸಿಸ್ ಸೀಗಡಿ, ಆರ್ಟೀಮಿಯಾ ಎಂಬ ಪುಟ್ಟ ಉಪ್ಪುನೀರಿನ ಸೀಗಡಿ, ಮುಳುಗುವ ಸಣ್ಣ ಪೆಲೆಟ್ ಇವಕ್ಕೆ ಹೊಂದುತ್ತವೆ. ವಾರಕ್ಕೆ ಒಂದೆರಡು ಸಲ ಸಾಕು.

ಅಕ್ರೋಪೊರಾ, ಮಾಂಟಿಪೊರಾದಂಥ ಸಣ್ಣ ಪಾಲಿಪ್‌ನ ಗಟ್ಟಿ ಹವಳಗಳ, ಅಂದರೆ ಎಸ್‌ಪಿಎಸ್ ಹವಳಗಳ, ಬಾಯಿ ತೀರಾ ಚಿಕ್ಕದು. ಅವಕ್ಕೆ ರೋಟಿಫರ್ ಎಂಬ ಅತಿ ಸಣ್ಣ ಜೀವಿಗಳನ್ನು ಅಥವಾ ನುಣ್ಣನೆಯ ಪುಡಿ ಆಹಾರ ಕೊಡಬಹುದು. ಮೀನುಗಳಿಗೆ ಚೆನ್ನಾಗಿ ಊಟ ಹಾಕಿದರೆ ಅವುಗಳ ಹಿಕ್ಕೆಯಿಂದಲೇ ಈ ಹವಳಗಳಿಗೆ ಸಾಕಷ್ಟು ಸಿಗುತ್ತದೆ. ಲೆದರ್, ಜೀನಿಯಾದಂಥ ಮೆತ್ತನೆಯ ಹವಳಗಳಿಗೆ ಬೇರೆ ಊಟ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಬಾಟಲಿಯಲ್ಲಿ ಬರುವ ಹಸಿರು ಫೈಟೋಪ್ಲಾಂಕ್ಟನ್ ಅನ್ನು (ನೀರಲ್ಲಿ ತೇಲುವ ಅತಿ ಸಣ್ಣ ಪಾಚಿ) ಗಟ್ಟಿ ಹವಳಗಳಿಗೆಂದೇ ಕೊಳ್ಳಬೇಡಿ. ಅದು ಹೆಚ್ಚಾಗಿ ಕೋಪೆಪಾಡ್ ಎಂಬ ಸಣ್ಣ ನೀರುಹುಳುಗಳ ಊಟ.

ಊಟ ಹಾಕುವ ಕ್ರಮ

ಫ್ರೋಜನ್ ಮೈಸಿಸ್ ಆದರೆ ಒಂದು ಲೋಟ ಟ್ಯಾಂಕ್ ನೀರಿನಲ್ಲಿ ಕರಗಲು ಬಿಡಿ. ಆಮೇಲೆ ಸಣ್ಣ ಬಲೆಯಲ್ಲಿ ಸೋಸಿ, ಆ ನೀರನ್ನು ಚೆಲ್ಲಿಬಿಡಿ. ಅದರಲ್ಲಿ ಫಾಸ್ಫೇಟ್ ಇರುತ್ತದೆ. ಒಂದೆರಡು ಚಮಚ ಮಾತ್ರ ಬೇರೆಯಾಗಿ ಎತ್ತಿಟ್ಟುಕೊಳ್ಳಿ, ಈಗಲೇ ಕೆಲಸಕ್ಕೆ ಬರುತ್ತದೆ. ಸೋಸಿದ ಮೈಸಿಸ್ ಅನ್ನು ಹೊಸ ಟ್ಯಾಂಕ್ ನೀರಿಗೆ ಹಾಕಿ. ಪುಡಿ ಆಹಾರವನ್ನೂ ಮೊದಲು ನೀರಿನಲ್ಲಿ ಕದಡಿಕೊಳ್ಳಿ, ಇಲ್ಲದಿದ್ದರೆ ಮೇಲೆ ತೇಲುತ್ತದೆ.

ಮೊದಲು ಮೀನುಗಳಿಗೆ ಊಟ ಹಾಕಿ. ಹೊಟ್ಟೆ ತುಂಬಿದ ಮೀನು ಹವಳದ ಬಾಯಿಂದ ಕಸಿಯುವುದು ಕಡಿಮೆ.

ಈಗ ಅಲೆ ಎಬ್ಬಿಸುವ ವೇವ್‌ಮೇಕರ್ ಮತ್ತು ಕೆಳಗಿನ ತೊಟ್ಟಿಯಿಂದ (ಸಂಪ್) ನೀರು ಮೇಲೆತ್ತುವ ರಿಟರ್ನ್ ಪಂಪ್ ನಿಲ್ಲಿಸಿ. ನೊರೆಯಲ್ಲಿ ಕೊಳೆ ತೆಗೆಯುವ ಸ್ಕಿಮ್ಮರ್ ಅನ್ನೂ ನಿಲ್ಲಿಸಿ. ರಿಟರ್ನ್ ನಿಂತಾಗ ಸಂಪ್‌ನಲ್ಲಿ ನೀರು ಏರುತ್ತದೆ, ಓಡುತ್ತಿರುವ ಸ್ಕಿಮ್ಮರ್ ಉಕ್ಕಿಬಿಡುತ್ತದೆ. ಪಂಪ್ ನಿಲ್ಲಿಸುವ ಆ ಕ್ಷಣದಲ್ಲೇ ಫೋನಿನಲ್ಲಿ 30 ನಿಮಿಷಕ್ಕೆ ಅಲಾರಂ ಇಡಿ. ಇದನ್ನು ದಯವಿಟ್ಟು ತಪ್ಪಿಸಬೇಡಿ. ಪಂಪ್ ಮತ್ತೆ ಹಾಕಲು ಮರೆತು ರಾತ್ರಿಯೆಲ್ಲ ನೀರು ನಿಂತರೆ ಆಕ್ಸಿಜನ್ ಇಳಿದು ಮೀನುಗಳೇ ಹೋಗಬಹುದು.

ಎತ್ತಿಟ್ಟ ಕರಗಿದ ನೀರನ್ನು ಪಿಪೆಟ್‌ನಲ್ಲಿ ಎಳೆದು ಹವಳದ ಮೇಲೆ ನಾಲ್ಕೈದು ಹನಿ ಬಿಡಿ. ಐದು ಹತ್ತು ನಿಮಿಷ ಕಾಯಿರಿ. ವಾಸನೆ ಸಿಕ್ಕ ಹವಳ ಟೆಂಟಕಲ್, ಅಂದರೆ ಆ ಸಣ್ಣ ಬೆರಳುಗಳನ್ನು ಚಾಚುತ್ತದೆ, ಮಧ್ಯದ ಬಾಯಿ ಸಣ್ಣಗೆ ತೆರೆಯುತ್ತದೆ. ಇದೇ ನಿಮಗೆ ಬೇಕಾದ ಸೂಚನೆ. ಅದು ಕಾಣದೆ ಊಟ ಹಾಕಿದರೆ ಹೆಚ್ಚಿನದೆಲ್ಲ ಕೊಳೆಯಲು ಹೋಗುತ್ತದೆ.

ಪಿಪೆಟ್ ಅಥವಾ ದೊಡ್ಡ ಪಿಪೆಟ್‌ನಂಥ ಟರ್ಕಿ ಬೇಸ್ಟರ್‌ನ ತುದಿಯನ್ನು ಹವಳದಿಂದ ಮೂರ್ನಾಲ್ಕು ಸೆಂಟಿಮೀಟರ್ ಮೇಲೆ ಹಿಡಿದು ತೀರಾ ಮೆಲ್ಲಗೆ ಒತ್ತಿ. ಮೈಸಿಸ್ ತಾನಾಗಿ ಇಳಿದು ಟೆಂಟಕಲ್ ಮೇಲೆ ಕೂರಬೇಕು. ಜೋರಾಗಿ ಊದಿದರೆ ಹವಳ ಹೆದರಿ ಮುಚ್ಚಿಕೊಳ್ಳುತ್ತದೆ, ಆ ದಿನದ ಊಟ ಅಲ್ಲಿಗೆ ಮುಗಿಯಿತು. ಪ್ರತಿ ಬಾಯಿಗೆ ಒಂದೆರಡು ಮೈಸಿಸ್ ಸಾಕು.

ತುಂಡು ದೊಡ್ಡದಿದ್ದಷ್ಟೂ ಒಳ್ಳೆಯದು ಎಂದು ನಾನೂ ನಂಬಿದ್ದೆ. ಹೊಸದರಲ್ಲಿ ನನ್ನ ಟ್ರ್ಯಾಕಿಫಿಲಿಯಾಗೆ ಸೀಗಡಿಯ ದಪ್ಪ ತುಂಡೊಂದನ್ನು ಕೊಟ್ಟಿದ್ದೆ. ಅದು ಆಸೆಯಿಂದಲೇ ನುಂಗಿತು. ಬೆಳಿಗ್ಗೆ ನೋಡಿದರೆ ಅರೆಬೆಂದಂತಿದ್ದ ತುಂಡನ್ನು ಲೋಳೆಯ ಜೊತೆ ಹೊರಗೆ ಹಾಕಿತ್ತು, ಆಮೇಲೆ ಮೂರು ದಿನ ಸರಿಯಾಗಿ ಅರಳಲಿಲ್ಲ. ಅದನ್ನು ನೋಡಿ ಬಹಳ ಬೇಜಾರಾಯಿತು. ಅವತ್ತಿನಿಂದ ದೊಡ್ಡದನ್ನೆಲ್ಲ ಅಕ್ಕಿಕಾಳಿನಷ್ಟಕ್ಕೆ ಕತ್ತರಿಸಿ ಕೊಡುತ್ತೇನೆ. ಆ ಟ್ರ್ಯಾಕಿಫಿಲಿಯಾ ಈಗಲೂ ಇದೆ.

ಕೊಟ್ಟ ಮೇಲೆ ಅಲ್ಲೇ ನಿಂತು ನೋಡಿ. ಟೆಂಟಕಲ್ ತುತ್ತನ್ನು ಬಾಯಿಗೆ ಸಾಗಿಸಲು ಕೆಲವು ಹವಳಗಳಿಗೆ ಎರಡೇ ನಿಮಿಷ ಸಾಕು, ಕೆಲವಕ್ಕೆ 20 ನಿಮಿಷ ಬೇಕು. ಈ ಹೊತ್ತಿನಲ್ಲೇ ಕಳ್ಳರು ಬರುವುದು. ಪೆಪರ್‌ಮಿಂಟ್ ಸೀಗಡಿ, ಕ್ಲೀನರ್ ಸೀಗಡಿಗಳು ನುಂಗಿದ್ದನ್ನೂ ಬಾಯೊಳಗಿಂದ ಎಳೆದು ತೆಗೆಯುತ್ತವೆ, ಆಗ ಹವಳದ ಮೈ ಹರಿಯಬಹುದು. ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗವನ್ನು ಕತ್ತರಿಸಿ, ಅಂಚು ನುಣುಪು ಮಾಡಿ, ಹವಳದ ಮೇಲೆ ಬುಟ್ಟಿಯಂತೆ ಕವುಚಿ. ಮುಚ್ಚಳ ತೆಗೆದ ಬಾಯಿಂದ ಪಿಪೆಟ್ ಇಳಿಸಬಹುದು.

ಹವಳ ತಿನ್ನದೆ ಬಿಟ್ಟದ್ದನ್ನು ಪಿಪೆಟ್‌ನಿಂದಲೇ ಎಳೆದು ತೆಗೆಯಿರಿ. ಆಮೇಲೆ ಪಂಪ್‌ಗಳನ್ನು ಹಾಕಿ. ಸಂಪ್ ನೀರು ಮೊದಲಿನ ಮಟ್ಟಕ್ಕೆ ಬಂದ ಮೇಲೆ ಸ್ಕಿಮ್ಮರ್. ಹವಳದ ಹತ್ತಿರದ ಸಂಬಂಧಿಗಳಾದ ಜೋವಾಂಥಿಡ್ ಇರುವ ಟ್ಯಾಂಕಿನಲ್ಲಿ ಕೈ ಆಡಿಸುವಾಗ ಗ್ಲೌಸ್ ಹಾಕಿಕೊಳ್ಳಿ. ಅವುಗಳಲ್ಲಿ ಕೆಲವಕ್ಕೆ ಪ್ಯಾಲಿಟಾಕ್ಸಿನ್ ಎಂಬ ಕಡು ವಿಷ ಇರುತ್ತದೆ.

ನೀರಿನ ಲೆಕ್ಕ

ಹಾಕಿದ ಊಟವೆಲ್ಲ ಕೊನೆಗೆ ನೀರಿನಲ್ಲೇ ಉಳಿಯುತ್ತದೆ. ಅದಕ್ಕೇ ವಾರಕ್ಕೊಮ್ಮೆ ಟೆಸ್ಟ್ ಮಾಡಿ. ನೈಟ್ರೇಟ್ 2ರಿಂದ 10 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ), ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಒಳಗಿದ್ದರೆ ಚಿಂತೆಯಿಲ್ಲ. ಎರಡೂ ಸೊನ್ನೆ ಇರಬೇಕು ಎಂದು ಹಟ ಹಿಡಿಯಬೇಡಿ, ಹವಳ ಬಣ್ಣಗೆಡುತ್ತದೆ. ಮರಳಿನ ಮೇಲೆ ಕೆಂಪು ಲೋಳೆ, ಕಲ್ಲಿನ ಮೇಲೆ ಹಸಿರು ಕೂದಲಿನಂಥ ಪಾಚಿ ಬಂದರೆ ಊಟ ಜಾಸ್ತಿಯಾಗಿರಬಹುದು. ಚೆನ್ನಾಗಿ ತಿಂದ ಹವಳ ಬೇಗ ಅಸ್ಥಿ ಕಟ್ಟುತ್ತದೆ, ಆಗ ನೀರಿನಲ್ಲಿ ಅಸ್ಥಿಗೆ ಬೇಕಾದ ಕಾರ್ಬೊನೇಟ್ ಎಷ್ಟಿದೆ ಎಂದು ತೋರಿಸುವ ಆಲ್ಕಲಿನಿಟಿಯೂ ಬೇಗ ಇಳಿಯುತ್ತದೆ. ಅದರ ಮೇಲೂ ಕಣ್ಣಿಡಿ.

ಸನ್ ಕೋರಲ್ ತಂದಿದ್ದರೆ

ಟ್ಯೂಬಾಸ್ಟ್ರಿಯಾ ಅಥವಾ ಸನ್ ಕೋರಲ್ ಎಂಬ ಹವಳದ ಮೈಯಲ್ಲಿ ಜೂಜ್ಯಾಂಥೆಲೆ ಪಾಚಿಗಳೇ ಇಲ್ಲ. ಲೈಟ್ ಅದಕ್ಕೆ ಏನೂ ಕೊಡುವುದಿಲ್ಲ. ನೀವು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಪ್ರತಿಯೊಂದು ಪಾಲಿಪ್‌ಗೂ ವಾರಕ್ಕೆ ಎರಡು ಮೂರು ಸಲ ತಿನ್ನಿಸಲು ಪುರುಸೊತ್ತು ಇಲ್ಲದವರು ದಯವಿಟ್ಟು ಇದನ್ನು ತರಬೇಡಿ, ಅದು ನಿಧಾನವಾಗಿ ಉಪವಾಸದಲ್ಲಿ ಸಾಯುತ್ತದೆ.

ತಂದ ಹೊಸದರಲ್ಲಿ ಅದು ಅರಳದೇ ಇರಬಹುದು. ದಿನಾ ಸಂಜೆ ಒಂದೇ ಹೊತ್ತಿಗೆ ಕರಗಿದ ನೀರಿನ ಹನಿ ಬಿಡುತ್ತಾ ಬನ್ನಿ. ಒಂದು ಸಂಜೆ ಎರಡೋ ಮೂರೋ ಪಾಲಿಪ್ ಅರ್ಧ ತೆರೆದಿರುತ್ತವೆ. ಆ ಎರಡು ಮೂರಕ್ಕೇ ಒಂದೊಂದು ಮೈಸಿಸ್ ಕೊಟ್ಟು ನಿಲ್ಲಿಸಿ. ಉಳಿದವಕ್ಕೆ ಮರುದಿನ ಅದೇ ಹೊತ್ತಿಗೆ ಮತ್ತೆ ಹನಿ ಬಿಡಿ.