ಆಡಿದವರು ಆಡಿಸುವವರಾಗಬೇಕಾದರೆ

ಹತ್ತು ಹದಿನೈದು ವರ್ಷ ವೃತ್ತಿಪರ ಟೆನಿಸ್ ಆಡಿದವರಿಗೆ ಎದುರಾಳಿಗೆ ಸಿಗದಂತೆ ಚೆಂಡು ಹೊಡೆಯುವುದು ಕರಗತ. ಕೋಚ್ ಕೆಲಸ ಇದರ ತದ್ವಿರುದ್ಧ. ಎದುರಿಗಿರುವವರಿಗೆ ಬೇಕಾದ ಜಾಗಕ್ಕೆ, ಬೇಕಾದ ಎತ್ತರಕ್ಕೆ ಸತತ ಐವತ್ತು ಸಲ ಚೆಂಡು ಕೊಡಬೇಕು. 2003ರ ಫ್ರೆಂಚ್ ಓಪನ್ ಗೆದ್ದು ವಿಶ್ವದ ನಂಬರ್ ಒನ್ ಆಗಿದ್ದ ಹುವಾನ್ ಕಾರ್ಲೋಸ್ ಫೆರೆರೊ ಮುಂದೆ ಕಾರ್ಲೋಸ್ ಅಲ್ಕರಾಜ್‌ಗೆ ಕೋಚ್ ಆದರು, ನಿಜ. ಆದರೆ ರಫೆಲ್ ನಡಾಲ್ ಅವರನ್ನು ಬೆಳೆಸಿದ ಟೋನಿ ನಡಾಲ್ ಹೆಸರಾಂತ ಆಟಗಾರರೇನೂ ಆಗಿರಲಿಲ್ಲ. ನಿಮ್ಮ ಹಳೆಯ ರ‍್ಯಾಂಕಿಂಗ್ ನೋಡಿ ಮೊದಲ ತಿಂಗಳು ವಿದ್ಯಾರ್ಥಿಗಳು ಬರುತ್ತಾರೆ. ಎರಡನೆಯ ತಿಂಗಳು ಉಳಿಯುವುದು ನಿಮ್ಮ ಫೀಡ್, ಅಂದರೆ ಅಭ್ಯಾಸಕ್ಕೆ ಚೆಂಡು ಕೊಡುವ ಬಗೆ, ನೋಡಿ.

ಮೊದಲು ಕಾಗದಪತ್ರ. ಉದ್ದೀಪನ ಮದ್ದು ಪರೀಕ್ಷೆಯ ನೋಂದಾಯಿತ ಪಟ್ಟಿಯಲ್ಲಿದ್ದವರು ನಿವೃತ್ತಿ ಪತ್ರ ಕೊಟ್ಟ ಮೇಲೆ ಮತ್ತೆ ಆಡಬೇಕೆಂದರೆ ಆರು ತಿಂಗಳು ಮುಂಚೆ ತಿಳಿಸಿ ಪರೀಕ್ಷೆಗೆ ಸಿಗಬೇಕಾಗುತ್ತದೆ. ಆದ್ದರಿಂದ ಬೇಸರದಲ್ಲಿ ಪತ್ರ ಬರೆಯಬೇಡಿ. ಸರ್ಟಿಫಿಕೇಟ್‌ಗೆ ಅಖಿಲ ಭಾರತ ಟೆನಿಸ್ ಸಂಸ್ಥೆ ನಡೆಸುವ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟ) ಕೋರ್ಸ್‌ಗಳಿವೆ. ಸರ್ಕಾರಿ ಕೋಚ್ ಹುದ್ದೆಯ ಮೇಲೆ ಕಣ್ಣಿದ್ದರೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಡಿಪ್ಲೊಮಾ ಕಡೆಗೂ ನೋಡಿ. ಇನ್ನೊಂದು ಮಾತು: ಆಟ ಬಿಟ್ಟರೂ ವೃತ್ತಿಪರ ಆಟಗಾರರ ಕೋಚ್ ಆಗಿರುವಷ್ಟು ಕಾಲ ಟೆನಿಸ್ ಮೇಲೆ ಬೆಟ್ಟಿಂಗ್ ಕಟ್ಟುವಂತಿಲ್ಲ.

ಇನ್ನು ಫೀಡ್. ಶುರುವಿನಲ್ಲಿ ರಾಕೆಟ್ ಕೆಳಗಿಡಿ. ವಿದ್ಯಾರ್ಥಿಯಿಂದ ಎರಡು ಮೂರು ಮೀಟರ್ ಮುಂದೆ, ಅವರ ಹೊಡೆತದ ದಾರಿಗೆ ಅಡ್ಡ ಬಾರದಂತೆ ಪಕ್ಕಕ್ಕೆ ನಿಂತು, ಕೈ ಕೆಳಗಿನಿಂದ ಚೆಂಡು ಎಸೆಯಿರಿ. ಒಮ್ಮೆ ಪುಟಿದು ಸೊಂಟದ ಎತ್ತರಕ್ಕೆ ಬಂದರೆ ಸರಿ. ಅದು ಕೂತ ಮೇಲೆ ರಾಕೆಟ್ ಫೀಡ್: ಸರ್ವಿಸ್ ಲೈನ್ (ನೆಟ್ ಮತ್ತು ಕೋರ್ಟ್ ತುದಿಯ ನಡುವಿನ ಅಡ್ಡ ಗೆರೆ) ಹತ್ತಿರ ನಿಂತು, ಕಾಂಟಿನೆಂಟಲ್ ಗ್ರಿಪ್ (ಸುತ್ತಿಗೆ ಹಿಡಿದಂಥ ಹಿಡಿತ), ಗಿಡ್ಡ ಸ್ವಿಂಗ್. ಆಚೆ ಬದಿಯ ಸರ್ವಿಸ್ ಲೈನ್ ಮತ್ತು ಬೇಸ್‌ಲೈನ್ (ಕೋರ್ಟ್ ತುದಿಯ ಗೆರೆ) ನಡುವಿನ ಐದೂವರೆ ಮೀಟರ್ ಜಾಗದಲ್ಲಿ ಟವೆಲ್ ಹಾಸಿ. 20 ಚೆಂಡಿನಲ್ಲಿ 16 ಅದರ ಆಸುಪಾಸಿಗೆ ಬೀಳುವವರೆಗೆ ಒಬ್ಬರೇ ಅಭ್ಯಾಸ ಮಾಡಿ. ನಾಚಿಕೆಯೇನಿಲ್ಲ.

ಮಾಜಿ ಆಟಗಾರರು ಇಲ್ಲಿ ಮಾಡುವ ದೊಡ್ಡ ತಪ್ಪು ಅವಸರ. ಒಂದರ ಹಿಂದೆ ಒಂದು ಚೆಂಡು ಸುರಿದರೆ ವಿದ್ಯಾರ್ಥಿ ಕಾಲು ಸರಿಸುವುದು ಬಿಟ್ಟು ಬರೀ ಕೈಯಲ್ಲಿ ಹೊಡೆಯತೊಡಗುತ್ತಾನೆ, ಸ್ವಿಂಗ್ ಗಿಡ್ಡವಾಗುತ್ತದೆ. ಆರೇಳು ಚೆಂಡು ಕೊಟ್ಟು 20–25 ಸೆಕೆಂಡ್ ಬಿಡಿ. ಪಂದ್ಯದಲ್ಲಿಯೂ ಎರಡು ಪಾಯಿಂಟ್‌ಗಳ ನಡುವೆ ಇರುವುದು 25 ಸೆಕೆಂಡೇ.

ಎರಡನೆಯ ತಪ್ಪು, ಪರಿಣಾಮ ನೋಡಿ ಸಲಹೆ ಕೊಡುವುದು. ಚೆಂಡು ನೆಟ್‌ಗೆ ಬಿದ್ದಾಗ ‘ಎತ್ತಿ ಹೊಡಿ’ ಎಂದರೆ ಹುಡುಗ ಮಣಿಕಟ್ಟು ತಿರುಗಿಸುತ್ತಾನೆ, ಮುಂದಿನದು ಬೇಸ್‌ಲೈನ್ ದಾಟುತ್ತದೆ. ಎಷ್ಟೋ ಸಲ ಕಾರಣ ರಾಕೆಟ್ ತಡವಾಗಿ ಹಿಂದಕ್ಕೆ ಹೋಗಿದ್ದು. ನೋಡುವ ಕ್ರಮ ಹೀಗಿರಲಿ: ಗ್ರಿಪ್, ಕಾಲು, ರಾಕೆಟ್ ಹಿಂದಕ್ಕೆ ಹೋದ ಸಮಯ, ಚೆಂಡು ತಾಗಿದ ಜಾಗ, ಕೊನೆಗೆ ಫಾಲೋ ಥ್ರೂ (ಹೊಡೆದ ಮೇಲೆ ರಾಕೆಟ್ ಮುಂದುವರಿದ ದಾರಿ). ಮೊದಲು ಸಿಕ್ಕ ತಪ್ಪನ್ನಷ್ಟೇ ಹೇಳಿ. ಒಂದು ಬುಟ್ಟಿ ಚೆಂಡಿಗೆ ಒಂದೇ ಮಾತು.

ಮಕ್ಕಳಿಗೆ ದೊಡ್ಡವರ ಹಳದಿ ಚೆಂಡು ಬೇಡ. ಅದು ಅವರ ಭುಜದ ಮೇಲಕ್ಕೆ ಪುಟಿಯುತ್ತದೆ, ಅದನ್ನು ಎಟುಕಿಸಲು ಮಗು ಗ್ರಿಪ್ ವಿಪರೀತ ತಿರುಗಿಸಿಕೊಳ್ಳುತ್ತದೆ, ಆ ಚಾಳಿ ಬಿಡಿಸಲು ವರ್ಷಗಳೇ ಹಿಡಿಯುತ್ತವೆ. ಮಕ್ಕಳಿಗೆಂದೇ ನಿಧಾನದ ಬಣ್ಣದ ಚೆಂಡುಗಳಿವೆ: ಕೆಂಪು ಚೆಂಡಿನ ವೇಗ ಹಳದಿಗಿಂತ 75% ಕಡಿಮೆ, ಕೋರ್ಟ್ ಉದ್ದ ಸುಮಾರು 11 ಮೀಟರ್. ಕಿತ್ತಳೆ 50% ನಿಧಾನ, ಕೋರ್ಟ್ 18 ಮೀಟರ್. ಹಸಿರು 25% ನಿಧಾನ, 23.77 ಮೀಟರಿನ ಪೂರ್ಣ ಕೋರ್ಟ್. ಹತ್ತು ವರ್ಷದೊಳಗಿನವರ ಸ್ಪರ್ಧೆಗಳಲ್ಲಿ ಹಳದಿ ಚೆಂಡು ಬಳಸಬಾರದೆಂದು ಐಟಿಎಫ್ 2012ರಿಂದಲೇ ನಿಯಮ ಮಾಡಿದೆ. ‘ನಮ್ಮ ಮಗು ಇನ್ನೂ ಕೆಂಪಿನಲ್ಲೇ ಇದೆಯಲ್ಲ’ ಎಂದು ಅಪ್ಪ ಅಮ್ಮಂದಿರು ಕೇಳಿಯೇ ಕೇಳುತ್ತಾರೆ. ಎರಡೂ ಬಣ್ಣದ ಚೆಂಡನ್ನು ಅವರ ಮುಂದೆಯೇ ಪುಟಿಸಿ ತೋರಿಸಿ.

ಪಂದ್ಯದ ದಿನ ಬಾಯಿ ಬಿಗಿಹಿಡಿಯಿರಿ. ಕೋರ್ಟ್ ಹೊರಗಿನಿಂದ ಕೋಚಿಂಗ್‌ಗೆ 2025ರಿಂದ ಟೆನಿಸ್ ನಿಯಮಗಳಲ್ಲೇ ಅವಕಾಶವಿದ್ದರೂ, ಆಯಾ ಟೂರ್ನಿ ಒಪ್ಪಿದರೆ ಮಾತ್ರ. ಮೊದಲೇ ರೆಫರಿಯನ್ನು ಕೇಳಿ. ಅವಕಾಶವಿದ್ದರೆ ಪಾಯಿಂಟ್ ನಡೆಯದಿರುವಾಗ, ಮೂರು ನಾಲ್ಕು ಪದದಲ್ಲಿ ಮುಗಿಸಿ. ‘ಸೆಕೆಂಡ್ ಸರ್ವ್, ಒಳಗೆ ಬಾ’ (ಎದುರಾಳಿಯ ಎರಡನೆಯ ಸರ್ವ್‌ಗೆ ಮುಂದೆ ಬಂದು ನಿಲ್ಲು) ಸಾಕು.

ನಿಮ್ಮ ಭುಜವನ್ನೂ ಕಾಯಿರಿ. ದಿನಕ್ಕೆ ನಾಲ್ಕು ಗಂಟೆ ಫೀಡ್ ಮಾಡುವವರಿಗೆ ಟೂರ್‌ನಲ್ಲಿ ಬಳಸುತ್ತಿದ್ದ ಬಿಗಿ ಪಾಲಿಯೆಸ್ಟರ್ ಸ್ಟ್ರಿಂಗ್ ಬೇಡ. ಮೆತ್ತನೆಯ ಸ್ಟ್ರಿಂಗ್ ಹಾಕಿಸಿ, ಟೆನ್ಷನ್ (ಬಿಗಿತ) ಮೂರ್ನಾಲ್ಕು ಪೌಂಡ್ ಇಳಿಸಿ. ಬುಟ್ಟಿಯಲ್ಲಿ ಗಾಳಿ ಹೋದ ಚೆಂಡುಗಳಿದ್ದರೆ ಮೊಣಕೈ ನೋವು ನಿಮಗೂ ವಿದ್ಯಾರ್ಥಿಗೂ ತಪ್ಪಿದ್ದಲ್ಲ. ಡಬ್ಬಿ ಒಡೆದ ಮೇಲೆ ಆಡದೆ ಇಟ್ಟರೂ ಚೆಂಡಿನ ಒತ್ತಡ ಇಳಿಯುತ್ತಲೇ ಇರುತ್ತದೆ. ಹೊಸದನ್ನೆಲ್ಲ ಒಟ್ಟಿಗೆ ತಾರದೆ, ತಿಂಗಳಿಗೊಮ್ಮೆ ಬುಟ್ಟಿಯ ಕಾಲು ಭಾಗ ಬದಲಿಸಿ. ತೆಗೆದ ಹಳೆಯವು ಗೋಡೆಗೆ ಹೊಡೆಯಲು ಆಗುತ್ತವೆ.