ಅಸಿಮೋವ್ ಅವರ ಫೌಂಡೇಶನ್ ಸರಣಿ: ಯಾವ ಪುಸ್ತಕದಿಂದ ಶುರು ಮಾಡಬೇಕು?

ವೈಜ್ಞಾನಿಕ ಕಥೆಗಳ ಲೇಖಕ ಐಸಾಕ್ ಅಸಿಮೋವ್ ಅವರ ಫೌಂಡೇಶನ್ ಸರಣಿಯಲ್ಲಿ ನಾನು ಮೊದಲು ಓದಿದ್ದು 'ಪ್ರಿಲ್ಯೂಡ್ ಟು ಫೌಂಡೇಶನ್'. ಹೆಸರಲ್ಲೇ ಪೀಠಿಕೆ ಅಂತ ಇದೆ, ಫೌಂಡೇಶನ್ ಕಥೆಯಲ್ಲಿ ಎಲ್ಲಕ್ಕಿಂತ ಮೊದಲು ನಡೆಯುವುದೂ ಅದೇ, ಹಾಗಾಗಿ ಅಲ್ಲಿಂದಲೇ ಶುರು ಮಾಡಬೇಕು ಅಂದುಕೊಂಡೆ. ಪುಸ್ತಕ ಚೆನ್ನಾಗಿಯೇ ಓದಿಸಿಕೊಂಡು ಹೋಯಿತು. ಕೊನೆಯಲ್ಲಿ ಒಂದು ಪಾತ್ರದ ನಿಜವಾದ ಹೆಸರು ಹೊರಗೆ ಬರುತ್ತದೆ. ಬರೆದಿರುವ ರೀತಿ ನೋಡಿದರೆ ಇಲ್ಲಿ ಓದುವವರ ಮೈ ಜುಮ್ಮೆನ್ನಬೇಕು ಅಂತ ಗೊತ್ತಾಗುತ್ತದೆ. ನನಗೆ ಏನೂ ಆಗಲಿಲ್ಲ. ಇದು ಯಾರಪ್ಪಾ ಅಂದುಕೊಂಡು ಪುಟ ತಿರುಗಿಸಿದೆ. ಎರಡು ವರ್ಷ ಆದಮೇಲೆ ಅವರ ಹಳೇ ರೋಬಾಟ್ ಕಾದಂಬರಿ ಓದುವಾಗ ಅದೇ ಹೆಸರು ಎದುರಾಯಿತು. ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಆ ಹೆಸರಿನ ತೂಕ ಏನು ಅಂತ ಆಗ ಅರ್ಥವಾಯಿತು, ಆದರೆ ಅದನ್ನು ಅನುಭವಿಸಬೇಕಾದ ಜಾಗ ಎರಡು ವರ್ಷ ಹಿಂದೆಯೇ ದಾಟಿ ಹೋಗಿತ್ತು.

ನಿಮಗೆ ಹಾಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ. ಕಥೆಯ ಗುಟ್ಟುಗಳನ್ನು ಎಲ್ಲೂ ಬಿಟ್ಟುಕೊಡುವುದಿಲ್ಲ, ನೆಮ್ಮದಿಯಾಗಿ ಓದಿ.

ಮೊದಲು ಈ ಗೊಂದಲ ಹೇಗೆ ಹುಟ್ಟಿತು ಅಂತ ತಿಳಿದುಕೊಳ್ಳಿ. ಐಸಾಕ್ ಅಸಿಮೋವ್ ಇದನ್ನು ಒಂದೇ ಸರಣಿ ಅಂತ ಕೂತು ಬರೆದವರಲ್ಲ. ಇದು ಬೇರೆ ಬೇರೆ ಕಾಲದಲ್ಲಿ ಬರೆದ ಮೂರು ಗುಂಪು. ಫೌಂಡೇಶನ್ ಕಥೆಗಳು 1942ರಿಂದ 1950ರವರೆಗೆ 'ಅಸ್ಟೌಂಡಿಂಗ್' ಪತ್ರಿಕೆಯಲ್ಲಿ ಬಂದವು. ಅವನ್ನೇ ಜೋಡಿಸಿ 1951ರಲ್ಲಿ 'ಫೌಂಡೇಶನ್', 1952ರಲ್ಲಿ 'ಫೌಂಡೇಶನ್ ಅಂಡ್ ಎಂಪೈರ್', 1953ರಲ್ಲಿ 'ಸೆಕೆಂಡ್ ಫೌಂಡೇಶನ್' ಅಂತ ಮೂರು ಪುಸ್ತಕ ಮಾಡಿದರು. ಅದೇ ವರ್ಷಗಳ ಆಸುಪಾಸಿನಲ್ಲಿ ರೋಬಾಟ್ ಕಥೆಗಳು, ರೋಬಾಟ್ ಕಾದಂಬರಿಗಳು ಬಂದವು. ಜೊತೆಗೆ ಇಡೀ ಗ್ಯಾಲಕ್ಸಿಯನ್ನು ಆಳುವ ಸಾಮ್ರಾಜ್ಯದ ಹಳೇ ದಿನಗಳ ಬಗ್ಗೆ ಮೂರು ಬಿಡಿ ಕಾದಂಬರಿ. ಆಗ ರೋಬಾಟ್‌ಗಳ ಲೋಕಕ್ಕೂ ಫೌಂಡೇಶನ್ ಲೋಕಕ್ಕೂ ಸಂಬಂಧವೇ ಇರಲಿಲ್ಲ. ಫೌಂಡೇಶನ್‌ನ ಆ ಮೂರು ಪುಸ್ತಕಗಳಲ್ಲಿ ರೋಬಾಟ್‌ಗಳು ಇಲ್ಲವೇ ಇಲ್ಲ.

ಆಮೇಲೆ ಸುಮಾರು ಮೂವತ್ತು ವರ್ಷ ಫೌಂಡೇಶನ್ ಕಡೆ ಅವರು ತಿರುಗಿ ನೋಡಲಿಲ್ಲ. 1982ರಲ್ಲಿ 'ಫೌಂಡೇಶನ್ಸ್ ಎಡ್ಜ್' ಬರೆದರು. ಅಲ್ಲಿಂದ ಮುಂದೆ ಈ ಲೋಕಗಳ ಬಗ್ಗೆ ಬರೆದ ಕಾದಂಬರಿಗಳಲ್ಲಿ ಹಳೆಯ ಮೂರು ಗುಂಪುಗಳನ್ನು ಒಂದಕ್ಕೊಂದು ಹೊಲಿಯುತ್ತಾ ಹೋದರು. ಓದುವ ಕ್ರಮದ ಜಗಳ ಹುಟ್ಟಿದ್ದು ಈ ಹೊಲಿಗೆಯಿಂದಲೇ. ಹೊಲಿಗೆ ಎಲ್ಲೆಲ್ಲಿದೆ ಅಂತ ಗೊತ್ತಾದರೆ ಕ್ರಮ ತಾನಾಗಿಯೇ ಸಿಗುತ್ತದೆ.

ಕಥೆಯ ಕಾಲಕ್ರಮದಲ್ಲಿ ಓದಬೇಕು ಅನ್ನುವವರು ಅಸಿಮೋವ್ ಅವರ ಮಾತನ್ನೇ ಮುಂದಿಡುತ್ತಾರೆ. 1988ರ 'ಪ್ರಿಲ್ಯೂಡ್' ಪುಸ್ತಕದ ಶುರುವಿನಲ್ಲಿ ಅವರು 14 ಪುಸ್ತಕಗಳ ಪಟ್ಟಿ ಕೊಟ್ಟಿದ್ದಾರೆ, ರೋಬಾಟ್ ಕಥೆಗಳಿಂದ ಹಿಡಿದು ಫೌಂಡೇಶನ್‌ನ ದೂರದ ಭವಿಷ್ಯದವರೆಗೆ. ಬರೆದವರೇ ಹೇಳಿದಮೇಲೆ ಮುಗೀತು, ಅಲ್ವಾ? ನನಗೆ ಹಾಗನ್ನಿಸುವುದಿಲ್ಲ. ಆ ಪಟ್ಟಿಯ ಮೊದಲ ಪುಸ್ತಕ 'ದ ಕಂಪ್ಲೀಟ್ ರೋಬಾಟ್'. ಅದರೊಳಗೆ 'ಮಿರರ್ ಇಮೇಜ್' ಅನ್ನುವ ಒಂದು ಸಣ್ಣ ಕಥೆ ಇದೆ. ಪತ್ತೇದಾರ ಎಲೈಜಾ ಬೇಲಿ ಮತ್ತು ಅವನ ಜೊತೆಗಾರ ಡೇನಿಯಲ್ ಇಬ್ಬರೂ ಅದರಲ್ಲಿ ಬರುತ್ತಾರೆ. ಕಥೆ ನಡೆಯುವುದು ಪಟ್ಟಿಯ ಎರಡನೇ ಮತ್ತು ಮೂರನೇ ಪುಸ್ತಕ ಮುಗಿದ ಮೇಲೆ. ಅಂದರೆ ಕಾಲಕ್ರಮದ ಪಟ್ಟಿ ಮೊದಲ ಹೆಜ್ಜೆಯಲ್ಲೇ ಕಾಲಕ್ರಮ ಮುರಿಯುತ್ತದೆ. ಬರೆದವರಿಗೆ ಎಲ್ಲಾ ಪಾತ್ರಗಳೂ ಮನೆಯವರಿದ್ದ ಹಾಗೆ, ಯಾರನ್ನು ಮೊದಲು ಭೇಟಿ ಮಾಡಿಸಿದರೂ ಅವರಿಗೆ ಒಂದೇ. ಹೊಸದಾಗಿ ಬಾಗಿಲಲ್ಲಿ ನಿಂತವರಿಗೆ ಹಾಗಲ್ಲ.

ಮಹಾಭಾರತ ನಮಗೆ ಹೇಗೆ ಬಂತು ಯೋಚಿಸಿ. ಯಾರೂ ಆದಿಪರ್ವದಿಂದ ಶುರು ಮಾಡಿ ಹೇಳಲಿಲ್ಲ. ಅಜ್ಜಿ ಹೇಳಿದ್ದು ಅಭಿಮನ್ಯುವಿನ ಕಥೆ ಇರಬಹುದು, ಯಕ್ಷಗಾನದಲ್ಲಿ ನೋಡಿದ್ದು ಕರ್ಣಾರ್ಜುನ ಕಾಳಗ ಇರಬಹುದು. ಶಂತನು, ಗಂಗೆ, ಸತ್ಯವತಿ ಇವರೆಲ್ಲಾ ಆಮೇಲೆ ಬಂದರು. ಆಮೇಲೆ ಬಂದಿದ್ದರಿಂದಲೇ ಭೀಷ್ಮನ ಪ್ರತಿಜ್ಞೆ ಕೇಳಿದಾಗ ಎದೆಗೆ ತಾಕಿತು, ಯಾಕೆಂದರೆ ಶರಶಯ್ಯೆಯ ಮೇಲಿನ ಮುದುಕನನ್ನು ನಾವು ಆಗಲೇ ನೋಡಿದ್ದೆವು. ಹಿಂದಿನ ಕಥೆಗೆ ಬೆಲೆ ಬರುವುದು ಮುಂದಿನ ಕಥೆ ಗೊತ್ತಿದ್ದಾಗ. 'ಪ್ರಿಲ್ಯೂಡ್' ಅಂಥ ಹಿಂದಿನ ಕಥೆ.

ಹಾಗಾಗಿ 1951ರ 'ಫೌಂಡೇಶನ್' ಪುಸ್ತಕದಿಂದ ಶುರು ಮಾಡಿ. ಯಾಕೆ ಅಂತ ಒಂದು ದೃಶ್ಯ ಇಟ್ಟುಕೊಂಡು ಹೇಳುತ್ತೇನೆ. ಹ್ಯಾರಿ ಸೆಲ್ಡನ್ ಅನ್ನುವ ಗಣಿತಜ್ಞ, ಜನಸಮೂಹ ಮುಂದೆ ಹೇಗೆ ನಡೆದುಕೊಳ್ಳುತ್ತದೆ ಅಂತ ಲೆಕ್ಕ ಹಾಕುವ ಶಾಸ್ತ್ರ ಕಟ್ಟಿದ್ದಾನೆ. 12,000 ವರ್ಷದ ಸಾಮ್ರಾಜ್ಯ ಬೀಳಲಿದೆ, ಆಮೇಲೆ 30,000 ವರ್ಷ ಕತ್ತಲೆ, ತನ್ನ ಮಾತು ಕೇಳಿದರೆ ಅದನ್ನು 1,000 ವರ್ಷಕ್ಕೆ ಇಳಿಸಬಹುದು ಅನ್ನುತ್ತಾನೆ. ಗ್ಯಾಲಕ್ಸಿಯ ಅಂಚಿನ ಟರ್ಮಿನಸ್ ಅನ್ನುವ ಗ್ರಹದಲ್ಲಿ ಫೌಂಡೇಶನ್ ಅನ್ನುವ ವಿದ್ವಾಂಸರ ಒಂದು ವಸಾಹತು ಮಾಡಿ ಸತ್ತುಹೋಗುತ್ತಾನೆ. ಐವತ್ತು ವರ್ಷ ಕಳೆಯುತ್ತದೆ. ಸುತ್ತ ಶತ್ರುಗಳು, ಕೈಯಲ್ಲಿ ಆಯುಧವಿಲ್ಲ. ಸೆಲ್ಡನ್ ಬಿಟ್ಟುಹೋದ ಕೋಣೆಯೊಂದು ಅವತ್ತು ತೆರೆದುಕೊಳ್ಳುತ್ತದೆ. ನಾಲ್ಕಾರು ಜನ ಒಳಗೆ ಕೂತಿದ್ದಾರೆ. ನಡುವೆ ಖಾಲಿ ಗಾಜಿನ ಗೂಡು. ದೀಪ ಮಂಕಾಗುತ್ತದೆ. ಗೂಡಿನಲ್ಲಿ ಗಾಲಿಕುರ್ಚಿಯ ಮೇಲೆ ಒಬ್ಬ ಮುದುಕ, ತೊಡೆಯ ಮೇಲೆ ಮುಚ್ಚಿದ ಪುಸ್ತಕ. ಮಾತಾಡಲು ಶುರು ಮಾಡುತ್ತಾನೆ.

ಏನು ಹೇಳುತ್ತಾನೆ ಅಂತ ನಾನು ಬರೆಯುವುದಿಲ್ಲ. ಆದರೆ ಆ ಗೂಡಿನ ಮುಂದೆ ನೀವು ಕೂಡ ಟರ್ಮಿನಸ್‌ನ ಜನರಷ್ಟೇ ಅಮಾಯಕರಾಗಿ ಕೂತಿರಬೇಕು. ಸೆಲ್ಡನ್‌ನ ಯೌವನ, ಅವನ ಸಂಸಾರ, ಈ ಯೋಜನೆಯನ್ನು ಅವನು ಹೆಣೆದ ಬಗೆ ಎಲ್ಲವನ್ನೂ ಎರಡು ದಪ್ಪ ಪುಸ್ತಕದಲ್ಲಿ ಓದಿಕೊಂಡು ಬಂದರೆ ಅದು ಹಳೇ ಪರಿಚಯದವನ ಭಾಷಣ ಆಗಿಬಿಡುತ್ತದೆ.

ಒಂದು ಸ್ವಾರಸ್ಯ ಇದೆ. ಈ ಮೊದಲ ಪುಸ್ತಕದ ಮೊದಲ ಭಾಗ 'ದ ಸೈಕೋಹಿಸ್ಟೋರಿಯನ್ಸ್' ಪತ್ರಿಕೆಯಲ್ಲಿ ಬಂದದ್ದಲ್ಲ, 1951ರ ಪುಸ್ತಕಕ್ಕೆ ಅಂತಲೇ ಆಮೇಲೆ ಬರೆದು ಮುಂದೆ ಸೇರಿಸಿದ್ದು. ಅಲ್ಲಿ ಅಸಿಮೋವ್ ತುಂಬಾ ಹುಷಾರಾಗಿದ್ದಾರೆ. ಎಲ್ಲವನ್ನೂ ಹಳ್ಳಿಗಾಡಿನಿಂದ ರಾಜಧಾನಿಗೆ ಬಂದ ಗೇಲ್ ಡಾರ್ನಿಕ್ ಅನ್ನುವ ಹುಡುಗನ ಕಣ್ಣಿನಿಂದ ತೋರಿಸುತ್ತಾರೆ, ಗಾಜಿನ ಗೂಡಿನ ಗುಟ್ಟನ್ನು ಮುಟ್ಟುವುದೇ ಇಲ್ಲ. ಅದಕ್ಕೇ ಆ ಭಾಗವನ್ನು ಮೊದಲು ಓದಿದರೆ ಏನೂ ಕೆಡುವುದಿಲ್ಲ.

ಮೂರೂ ಪುಸ್ತಕ ಬೆನ್ನುಬೆನ್ನಿಗೆ ಓದಿ. ಎರಡನೆಯದರ ಅರ್ಧಕ್ಕೆ 'ದ ಮ್ಯೂಲ್' ಅನ್ನುವ ಭಾಗ ಬರುತ್ತದೆ, ಇಡೀ ಸರಣಿ ಅಲ್ಲಿ ಒಂದು ಮಗ್ಗಲು ಬದಲಿಸುತ್ತದೆ. ಅಲ್ಲಿಗೆ ಬರುವ ಮುಂಚೆ ಮೂರನೇ ಪುಸ್ತಕದ ಹಿಂದಿನ ರಕ್ಷಾಪುಟ ಓದಬೇಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಪಾತ್ರಗಳ ಹೆಸರನ್ನು ಗೂಗಲ್‌ನಲ್ಲಿ ಹುಡುಕುವುದೂ ಬೇಡ, ಮೊದಲ ಸಾಲಿನಲ್ಲೇ ಗುಟ್ಟು ಬಿದ್ದಿರುತ್ತದೆ. ಓದುವಾಗ ಹಿಂದಿನ ಕಥೆಯನ್ನು ಮತ್ತೆ ಮತ್ತೆ ಹೇಳುತ್ತಿದ್ದಾರೆ ಅನ್ನಿಸಿದರೆ ಬೇಸರ ಮಾಡಿಕೊಳ್ಳಬೇಡಿ, ಹಿಂದಿನ ಸಂಚಿಕೆ ತಪ್ಪಿಸಿಕೊಂಡ ಪತ್ರಿಕೆ ಓದುಗರಿಗಾಗಿ ಬರೆದ ಸಾಲುಗಳು ಅವು. ಮೊದಲ ಪುಸ್ತಕದಲ್ಲಿ ಮಾತು ಜಾಸ್ತಿ, ಓಡಾಟ ಕಮ್ಮಿ. ಹೆಣ್ಣುಮಕ್ಕಳು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ, ಇದು ನನಗೆ ಈಗಲೂ ಕೊರತೆ ಅನ್ನಿಸುತ್ತದೆ. 'ದ ಮ್ಯೂಲ್' ಭಾಗದ ಬೇಟಾ, ಮೂರನೇ ಪುಸ್ತಕದ 14 ವರ್ಷದ ಹುಡುಗಿ ಆರ್ಕೇಡಿ ಬಂದಮೇಲೆ ಪುಸ್ತಕಕ್ಕೆ ಬೇರೆಯೇ ಜೀವ ಬರುತ್ತದೆ. ಅಲ್ಲಿಯವರೆಗೆ ತಾಳ್ಮೆ ಇರಲಿ.

'ಸೆಕೆಂಡ್ ಫೌಂಡೇಶನ್' ಮುಗಿದಮೇಲೆ ನಿಲ್ಲಿಸಬೇಕು ಅನ್ನಿಸಿದರೆ ನಿಲ್ಲಿಸಿ. ನಿಜವಾಗಿಯೂ ನಿಲ್ಲಿಸಬಹುದು. ಸುಮಾರು ಮೂವತ್ತು ವರ್ಷ ಓದುಗರಿಗೆ ಸಿಕ್ಕಿದ್ದ ಫೌಂಡೇಶನ್ ಅಷ್ಟೇ. 1966ರಲ್ಲಿ ಸಾರ್ವಕಾಲಿಕ ಶ್ರೇಷ್ಠ ಸರಣಿ ಅಂತ ವೈಜ್ಞಾನಿಕ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿ ಬಂದದ್ದೂ ಆ ಮೂರು ಪುಸ್ತಕಕ್ಕೇ.

ಮುಂದೆ ಹೋಗುವವರು ನೇರವಾಗಿ 'ಫೌಂಡೇಶನ್ಸ್ ಎಡ್ಜ್' ಹಿಡಿಯಬೇಡಿ. ಪ್ರಕಟವಾದ ಕ್ರಮ ಹಿಡಿದರೆ ಅದೇ ಮುಂದಿನದು, ಆದರೆ ಇಲ್ಲಿ ನಾನು ಆ ಕ್ರಮ ಬಿಡುತ್ತೇನೆ. 'ಎಡ್ಜ್' ಒಂದು ಪ್ರಶ್ನೆ ಎತ್ತಿ ನಿಲ್ಲುತ್ತದೆ, ಅದರ ಉತ್ತರ 1986ರ 'ಫೌಂಡೇಶನ್ ಅಂಡ್ ಅರ್ಥ್' ಪುಸ್ತಕದಲ್ಲಿದೆ. ಇವೆರಡು ಒಂದೇ ಉಸಿರಿನಲ್ಲಿ ಓದಬೇಕಾದವು. ನಡುವೆ ಅಸಿಮೋವ್ ಎರಡು ದೊಡ್ಡ ರೋಬಾಟ್ ಕಾದಂಬರಿ ಬರೆದರು, 'ಫೌಂಡೇಶನ್ ಅಂಡ್ ಅರ್ಥ್' ಅವುಗಳ ಮೇಲೆ ಪೂರ್ತಿ ಭಾರ ಹಾಕಿ ನಿಂತಿದೆ. ಹಾಗಾಗಿ ಮೂರು ಫೌಂಡೇಶನ್ ಆದಮೇಲೆ ಒಂದು ವಾರ ಬಿಡುವು ಕೊಟ್ಟು ರೋಬಾಟ್ ಕಡೆ ಹೊರಳಿ.

ಅಲ್ಲಿ 1950ರ 'ಐ, ರೋಬಾಟ್' ಮೊದಲು. ಒಂಬತ್ತು ಕಥೆ, ಒಂದು ಭಾನುವಾರಕ್ಕೆ ಮುಗಿಯುತ್ತದೆ, ರೋಬಾಟ್‌ಗಳು ಹೇಗೆ ನಡೆದುಕೊಳ್ಳಬೇಕು ಅನ್ನುವ ಮೂರು ನಿಯಮ ತಲೆಯಲ್ಲಿ ಕೂರುತ್ತವೆ. 'ಕಂಪ್ಲೀಟ್ ರೋಬಾಟ್' ಆಮೇಲೆ ಬೇಕಾದರೆ ನೋಡಿ. ಮುಂದೆ 'ದ ಕೇವ್ಸ್ ಆಫ್ ಸ್ಟೀಲ್', 'ದ ನೇಕೆಡ್ ಸನ್', 'ದ ರೋಬಾಟ್ಸ್ ಆಫ್ ಡಾನ್', 'ರೋಬಾಟ್ಸ್ ಅಂಡ್ ಎಂಪೈರ್', ಇದೇ ಕ್ರಮದಲ್ಲಿ. ಮೊದಲ ಮೂರು ಕೊಲೆಯ ಕೇಸಿನಿಂದ ಶುರುವಾಗುವ ಪತ್ತೇದಾರಿ ಕಾದಂಬರಿಗಳು ('ಡಾನ್'ನಲ್ಲಿ ಕೊಲೆಯಾಗುವುದು ರೋಬಾಟ್). ನನಗೆ ಇವೆಲ್ಲಾ ಪುಸ್ತಕಗಳಲ್ಲಿ ಜಾಸ್ತಿ ಇಷ್ಟ 'ದ ನೇಕೆಡ್ ಸನ್'. ಸೊಲೇರಿಯಾ ಅನ್ನುವ ಗ್ರಹದಲ್ಲಿ ಇರುವುದೇ 20,000 ಜನ. ಒಬ್ಬರನ್ನೊಬ್ಬರು ಎದುರಾಎದುರು ನೋಡುವುದೆಂದರೆ ಅವರಿಗೆ ಅಸಹ್ಯ, ಎಲ್ಲಾ ಮಾತೂ ದೂರದ ಬಿಂಬದ ಮೂಲಕ. ಅಲ್ಲಿಗೆ ತನಿಖೆಗೆ ಬರುವ ಪತ್ತೇದಾರ ಬೇಲಿ, ಭೂಮಿಯ ಮುಚ್ಚಿದ ನಗರದಲ್ಲಿ ಬೆಳೆದವನು, ತೆರೆದ ಆಕಾಶ ಕಂಡರೆ ಬೆವರುತ್ತಾನೆ. 1957ರ ಪುಸ್ತಕ ಇದು. ವಿಡಿಯೋ ಕಾಲ್‌ನಲ್ಲೇ ವರ್ಷಗಟ್ಟಲೆ ಕೆಲಸ ಮಾಡಿದ ನಮ್ಮಂಥವರಿಗೆ ಅದು ಇವತ್ತು ಬೇರೆಯೇ ರೀತಿ ತಟ್ಟುತ್ತದೆ.

ಮೊದಲ ಫೌಂಡೇಶನ್ ಪುಸ್ತಕ ಐವತ್ತು ಪುಟ ಓದಿಯೂ ಹಿಡಿಸಲಿಲ್ಲ ಅನ್ನುವವರು 'ದ ಕೇವ್ಸ್ ಆಫ್ ಸ್ಟೀಲ್' ಇಂದಲೇ ಶುರು ಮಾಡಬಹುದು. ರೋಬಾಟ್ ಕಾದಂಬರಿಗಳನ್ನು ಮುಗಿಸಿ ಫೌಂಡೇಶನ್‌ಗೆ ಬಂದರೂ ದೊಡ್ಡ ನಷ್ಟವಿಲ್ಲ. ಎರಡು ಬಾಗಿಲು ಇದೆ, ಮೂರನೆಯದು, ಅಂದರೆ 'ಪ್ರಿಲ್ಯೂಡ್', ಮಾತ್ರ ಬೇಡ.

ಸಾಮ್ರಾಜ್ಯದ ಮೂರು ಕಾದಂಬರಿಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 'ಪೆಬಲ್ ಇನ್ ದ ಸ್ಕೈ' ಅಸಿಮೋವ್ ಅವರ ಮೊದಲ ಕಾದಂಬರಿ, ಶಿಕಾಗೋದ ಒಬ್ಬ ವಯಸ್ಸಾದ ದರ್ಜಿ ಬೀದಿಯಲ್ಲಿ ನಡೆಯುತ್ತಾ ಒಂದು ಹೆಜ್ಜೆ ಎತ್ತಿ ಇಡುವಷ್ಟರಲ್ಲಿ ಸಾವಿರಾರು ವರ್ಷ ಮುಂದಕ್ಕೆ ಹೋಗಿಬಿಟ್ಟಿರುತ್ತಾನೆ. ಅದನ್ನು ಓದಿ. 'ದ ಕರೆಂಟ್ಸ್ ಆಫ್ ಸ್ಪೇಸ್' ಪರವಾಗಿಲ್ಲ. 'ದ ಸ್ಟಾರ್ಸ್, ಲೈಕ್ ಡಸ್ಟ್' ಬಿಟ್ಟರೂ ಕಳೆದುಕೊಳ್ಳುವುದೇನಿಲ್ಲ. 1955ರ 'ದಿ ಎಂಡ್ ಆಫ್ ಎಟರ್ನಿಟಿ' ಯಾವ ಪಟ್ಟಿಯಲ್ಲೂ ಸರಿಯಾಗಿ ಕೂರದ ಕಾಲಪ್ರಯಾಣದ ಕಾದಂಬರಿ, ಆದರೆ 'ಫೌಂಡೇಶನ್ಸ್ ಎಡ್ಜ್'ನಲ್ಲಿ ಅದರ ನೆರಳು ಬೀಳುತ್ತದೆ, ಅದಕ್ಕೆ ಮುಂಚೆ ಓದಿಕೊಂಡರೆ ಆ ಜಾಗ ಬಂದಾಗ ಖುಷಿಯಾಗುತ್ತದೆ.

ಈಗ 'ಎಡ್ಜ್', ಅದರ ಬೆನ್ನಿಗೇ 'ಫೌಂಡೇಶನ್ ಅಂಡ್ ಅರ್ಥ್'. ರೋಬಾಟ್ ಪುಸ್ತಕ ಓದದೆ ಇಲ್ಲಿಗೆ ಬಂದವರಿಗೆ ಇದು ಗ್ರಹದಿಂದ ಗ್ರಹಕ್ಕೆ ಸುತ್ತುವ ಉದ್ದದ ಪ್ರಯಾಣ. ಓದಿ ಬಂದವರಿಗೆ, ತಾವು ಬಾಳಿದ ಮನೆ ಪಾಳು ಬಿದ್ದದ್ದನ್ನು ನೋಡಿದ ಹಾಗೆ. ಗುಟ್ಟು ಮೊದಲೇ ಗೊತ್ತಾದರೆ ಕಥೆ ಕೆಡುತ್ತದೆ ಅಂತ ಇಷ್ಟು ಹೊತ್ತು ಹೇಳಿದೆ. ಮೊದಲೇ ಗೊತ್ತಿದ್ದರೇ ಕಥೆ ತೂಕ ಪಡೆಯುವ ಜಾಗಗಳೂ ಇವೆ, ಈ ಪುಸ್ತಕ ಅಂಥದ್ದು. ಬೇರೆ ಯಾವ ದೊಡ್ಡ ಸರಣಿ ಹಿಡಿದರೂ ಪ್ರತಿ ಪುಸ್ತಕದ ಬಗ್ಗೆ ಈ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ಓದುಗ ಏನನ್ನು ನೆನಪಿಟ್ಟುಕೊಂಡಿದ್ದಾನೆ ಅಂತ ನಂಬಿ ಬರೆದದ್ದು? ಆ ನೆನಪು ಕೊಡುವ ಪುಸ್ತಕವನ್ನು ಅದಕ್ಕಿಂತ ಮೊದಲು ಇಡಿ. ಪ್ರಕಟವಾದ ವರ್ಷ ಒಳಪುಟದಲ್ಲಿ ಇರುತ್ತದೆ, ಹಳೇ ಪುಸ್ತಕದ ಅಂಗಡಿಯಲ್ಲಿ ಕೊಳ್ಳುವಾಗ ಬೆನ್ನಿನ ಮೇಲಿನ ನಂಬರ್ ನಂಬದೆ ಆ ಪುಟ ತೆಗೆದು ನೋಡಿ.

ಬೆನ್‌ಫರ್ಡ್, ಬೇರ್, ಬ್ರಿನ್ ಈ ಮೂವರು 1997ರಿಂದ 1999ರವರೆಗೆ ಬರೆದ ಮೂರು ಫೌಂಡೇಶನ್ ಕಾದಂಬರಿಗಳು ಎಲ್ಲಾ ಮುಗಿದಮೇಲೂ ಹಸಿವಿದ್ದರೆ ಮಾತ್ರ. 2021ರಲ್ಲಿ ಶುರುವಾದ ಟಿವಿ ಸರಣಿ ದಾರಿ ಬದಲಿಸಿಕೊಂಡು ಬೇರೆ ಕಡೆ ಹೋಗುತ್ತದೆ, ಅದನ್ನು ನೋಡಿ ಪುಸ್ತಕದ ಕ್ರಮ ತೀರ್ಮಾನ ಮಾಡಬೇಡಿ.

ಉಳಿದದ್ದು ನಾನು ತಪ್ಪಾಗಿ ಮೊದಲು ಹಿಡಿದ 'ಪ್ರಿಲ್ಯೂಡ್' ಮತ್ತು 'ಫಾರ್ವರ್ಡ್ ದ ಫೌಂಡೇಶನ್'. ಎರಡೂ ಕೊನೆಗೆ. ಅಸಿಮೋವ್ 1992ರ ಏಪ್ರಿಲ್‌ನಲ್ಲಿ ತೀರಿಕೊಂಡರು, 'ಫಾರ್ವರ್ಡ್' ಬಂದದ್ದು 1993ರಲ್ಲಿ. ಅದರಲ್ಲಿ ಸೆಲ್ಡನ್‌ಗೆ ಭಾಗದಿಂದ ಭಾಗಕ್ಕೆ ವಯಸ್ಸಾಗುತ್ತಾ ಹೋಗುತ್ತದೆ, ಹತ್ತಿರದವರು ಒಬ್ಬೊಬ್ಬರಾಗಿ ದೂರವಾಗುತ್ತಾರೆ, ಅವನು ಲೆಕ್ಕ ಬಿಡುವುದಿಲ್ಲ. ಅದನ್ನು ಮುಗಿಸಿದ ದಿನವೇ 'ಫೌಂಡೇಶನ್' ಮತ್ತೆ ತೆಗೆದು ಮೊದಲ ಭಾಗ ಓದಿ, ಸ್ವಲ್ಪವೇ ಪುಟ. ಗೇಲ್ ಡಾರ್ನಿಕ್ ರಾಜಧಾನಿ ನೋಡಿಕೊಂಡು ತನ್ನ ಹೋಟೆಲ್ ರೂಮಿಗೆ ವಾಪಸ್ ಬರುತ್ತಾನೆ, ಅಲ್ಲಿ ಒಬ್ಬ ಮುದುಕ ಅವನಿಗಾಗಿ ಕಾಯುತ್ತಿರುತ್ತಾನೆ. ಮೊದಲ ಸಲ ಓದಿದಾಗ ಅವನು ಯಾರು ಅಂತ ಹುಡುಗನಿಗೂ ಗೊತ್ತಿರಲಿಲ್ಲ, ನಿಮಗೂ ಗೊತ್ತಿರಲಿಲ್ಲ. ಈ ಸಲ ಹುಡುಗನಿಗೆ ಮಾತ್ರ ಗೊತ್ತಿಲ್ಲ.